ಉದುರು ಯಾರ ಲೆಕ್ಕಕ್ಕೆ

ಬಿ.ಕಾಂ. ಕೊನೆಯ ವರ್ಷದಲ್ಲಿ ನಮಗೆ ಕಾಸ್ಟ್ ಅಕೌಂಟಿಂಗ್ ಇತ್ತು. ತರಗತಿಯ ಹೆಚ್ಚಿನವರಿಗೆ ಆ ವಿಷಯ ಕಂಡರೆ ಹೆದರಿಕೆ. ನನಗೆ ಹೆದರಿಕೆ ಆಗಲಿಲ್ಲ, ಸಿಟ್ಟು ಬಂತು. ಪುಸ್ತಕದ ತುಂಬ ನಾವು ಕಣ್ಣಲ್ಲಿ ಕಾಣದ ಕಾರ್ಖಾನೆಗಳು. ಒಂದು ಕಡೆ ಸೋಪು, ಇನ್ನೊಂದು ಕಡೆ ಬಣ್ಣ, ಮತ್ತೊಂದು ಕಡೆ ಹೆಸರೂ ಇಲ್ಲದ ಯಾವುದೋ ರಾಸಾಯನಿಕ. ಎಕ್ಸ್ ಎಂಬ ವಸ್ತು ಒಂದನೆಯ ಪ್ರೊಸೆಸ್ಸಿನಿಂದ ಎರಡನೆಯ ಪ್ರೊಸೆಸ್ಸಿಗೆ ಹೋಗುತ್ತದೆ ಎಂದು ಬೋರ್ಡಿನ ಮೇಲೆ ಬರೆಯುವ ಹೊತ್ತಿಗೆ ಕಿಟಕಿಯ ಆಚೆ ಯಾರದೋ ತೋಟದಲ್ಲಿ ಕಾಫಿ ಕುಯ್ಲು ನಡೆಯುತ್ತಿರುತ್ತಿತ್ತು. ಮೂಡಿಗೆರೆಯಲ್ಲಿ ಕೂತು, ಕಾಫಿಯನ್ನು ಬಿಟ್ಟು, ಸೋಪಿನ ಲೆಕ್ಕ ಮಾಡುವುದು ಯಾವ ನ್ಯಾಯ?

ಪಾಠ ಹೇಳುತ್ತಿದ್ದ ಮೇಡಂ ಬಯಲುಸೀಮೆಯವರು, ಅತಿಥಿ ಉಪನ್ಯಾಸಕಿ. ನಮ್ಮ ಚಳಿಗೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಡಸ್ಟರನ್ನು ಕೈಯಲ್ಲಿ ಹಿಡಿದೇ ಪಾಠ ಮಾಡುತ್ತಿದ್ದರು. ಪ್ರಶ್ನೆ ಕೇಳಿದರೆ ಬೈಯುತ್ತಿರಲಿಲ್ಲ, ಆದರೆ ಉತ್ತರ ಕೊಡುವ ಮೊದಲು ಒಂದು ಸಲ ಗಡಿಯಾರ ನೋಡುತ್ತಿದ್ದರು. ನಾನು ಎದ್ದು ನಿಂತೆ.

“ಮೇಡಂ, ಎಕ್ಸ್ ಬದಲು ಕಾಫಿ ಹಣ್ಣು ಅಂತ ಬರ್ಕೊಳ್ಳಬಹುದಾ?”

ಅವರು ಗಡಿಯಾರ ನೋಡಿದರು. “ಬರ್ಕೊಳಮ್ಮ. ಉತ್ತರ ಸರಿ ಬಂದ್ರೆ ನಂಗೇನು?”

ಅಂದಿನಿಂದ ನನ್ನ ನೋಟ್ಸಿನಲ್ಲಿ ಸೋಪು, ಬಣ್ಣ ಯಾವುದೂ ಉಳಿಯಲಿಲ್ಲ. ಒಂದನೆಯ ಪ್ರೊಸೆಸ್ ಎಂದರೆ ಪಲ್ಪರ್, ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ಎರಡನೆಯದು ಕಣ, ಅಂದರೆ ಕಾಫಿ ಒಣಗಿಸುವ ಅಂಗಳ. ಹಣ್ಣು ಒಂದೊಂದು ಹಂತ ದಾಟಿದಾಗಲೂ ತೂಕ ಇಳಿಯುತ್ತದೆ. ಸಿಪ್ಪೆ ಹೋಗುತ್ತದೆ, ನೀರು ಆರುತ್ತದೆ, ಅದನ್ನು ಯಾರೂ ತಡೆಯಲಾರರು. ಪುಸ್ತಕ ಅದಕ್ಕೆ ನಾರ್ಮಲ್ ಲಾಸ್ ಎನ್ನುತ್ತದೆ. ರಾತ್ರಿ ಟಾರ್ಪಾಲು ಮುಚ್ಚಲು ಮರೆತು ರಾಶಿ ಇಬ್ಬನಿಗೆ ನೆನೆದು ಬೂಸಲು ಹಿಡಿದರೆ ಅದು ಅಬ್‌ನಾರ್ಮಲ್ ಲಾಸ್. ಗೆಳತಿಯರು ತಲೆ ಕೆರೆದುಕೊಳ್ಳುತ್ತಿದ್ದ ಅಧ್ಯಾಯ ನನಗೆ ಮನೆಯ ಅಂಗಳದಷ್ಟು ಸಲೀಸಾಯಿತು. ಟೆಸ್ಟಿನಲ್ಲಿ ನನಗೇ ಹೆಚ್ಚು ಅಂಕ ಬಂತು, ಅದನ್ನು ನಾನು ಮುಚ್ಚಿಡಲೂ ಇಲ್ಲ.

ಆಮೇಲೆ ಬೈ-ಪ್ರಾಡಕ್ಟಿನ ಪಾಠ ಬಂತು. ಮುಖ್ಯ ವಸ್ತು ತಯಾರಾಗುವಾಗ ಅದರ ಜೊತೆಗೆ ತಾನಾಗಿ ಹುಟ್ಟುವ, ಅಷ್ಟೇನೂ ಬೆಲೆ ಬಾಳದ ವಸ್ತು. ಅದನ್ನು ಮಾರಿ ಬಂದ ಹಣವನ್ನು ಮುಖ್ಯ ವಸ್ತುವಿನ ಖರ್ಚಿನಲ್ಲಿ ಕಳೆಯಬೇಕು. ಮೇಡಂ ಉದಾಹರಣೆ ಕೇಳಿದರು. ಯಾರೋ ಮರದ ಹೊಟ್ಟು ಎಂದರು, ಯಾರೋ ಕಾಕಂಬಿ ಎಂದರು. ನಾನು ಉದುರು ಎಂದೆ.

ಉದುರು ಎಂದರೆ ಏನೆಂದು ಮೇಡಂಗೆ ಹೇಳಿದಂತೆ ಇಲ್ಲಿಯೂ ಹೇಳಬೇಕು. ಕುಯ್ಲಿನ ಆಳುಗಳು ಗಿಡದಿಂದ ಹಣ್ಣು ಬಿಡಿಸುವಾಗ ಕೆಲವು ಕೈತಪ್ಪಿ ನೆಲಕ್ಕೆ ಬೀಳುತ್ತವೆ. ಕುಯ್ಲು ತಡವಾದರೆ ತಾವಾಗಿಯೇ ಉದುರುತ್ತವೆ, ಹಕ್ಕಿ ಬಾವಲಿಗಳು ಉದುರಿಸುತ್ತವೆ. ಗಿಡದ ಬುಡದಲ್ಲಿ, ತರಗೆಲೆಯ ಅಡಿಯಲ್ಲಿ ಬಿದ್ದಿರುವ ಅದನ್ನೆಲ್ಲ ಕುಯ್ಲು ಮುಗಿದ ಮೇಲೆ ಒಂದೊಂದಾಗಿ ಹೆಕ್ಕಬೇಕು. ಬೆನ್ನು ಬಗ್ಗಿಸಿದರೆ ಎತ್ತುವಂತಿಲ್ಲ. ಕೊಟ್ಟಿಗೆಹಾರದಿಂದ ಒಳಗೆ ಇರುವ ನಮ್ಮ ಕಡೆ ಚಿಕ್ಕ ತೋಟದ ಮನೆಗಳಲ್ಲಿ ಉದುರು ಮನೆಯ ಹೆಂಗಸಿನದು. ಅವಳೇ ಹೆಕ್ಕುತ್ತಾಳೆ, ಕಣದ ಒಂದು ಮೂಲೆಯಲ್ಲಿ ಹಳೆಯ ಸೀರೆ ಹಾಸಿ ಬೇರೆಯಾಗಿ ಒಣಗಿಸುತ್ತಾಳೆ. ಗಂಡಸರು ವ್ಯಾಪಾರಿಗೆ ಕಾಫಿ ಹಾಕುವಾಗ ಆ ಚೀಲವನ್ನೂ ಬೇರೆಯಾಗಿ ಒಯ್ದು ಮಾರಿ, ಬಂದ ಹಣವನ್ನು ಹಾಗೇ ತಂದು ಅವಳ ಕೈಗೆ ಕೊಡುತ್ತಾರೆ. ಏನು ಮಾಡಿದೆ ಎಂದು ಕೇಳುವುದಿಲ್ಲ. ಅಜ್ಜಿಯ ಕಿವಿಯ ಓಲೆ ಉದುರಿನದು. ಅಮ್ಮನ ಹೊಲಿಗೆ ಯಂತ್ರ ಉದುರಿನದು.

ಮತ್ತು ನನ್ನ ಬಿ.ಕಾಂ. ಕೂಡ. ಪಿ.ಯು.ಸಿ. ಆದ ಮೇಲೆ ಅಪ್ಪ, “ಸಾಕಲ್ಲ ಮಗಳೇ, ಎಂತಕ್ಕೆ ದಿನಾ ಬಸ್ಸಲ್ಲಿ ಜೋತುಬೀಳೋದು?” ಎಂದಿದ್ದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಓದಿಸುವ ದುಡ್ಡನ್ನು ಸ್ಪ್ರಿಂಕ್ಲರಿಗೆ ಹಾಕಿದರೆ ಮುಂದಿನ ವರ್ಷ ಹೂವು ಚೆನ್ನಾಗಿ ನಿಲ್ಲುತ್ತದೆ ಎಂಬುದು ಅವರ ಲೆಕ್ಕ. ಅಮ್ಮ ಜಗಳಕ್ಕೆ ಹೋಗಲಿಲ್ಲ. ಅಲಮಾರಿಯ ಬಾಗಿಲು ತೆಗೆದು, ಉದುರಿನ ದುಡ್ಡು ಎಣಿಸಿ, ನನ್ನನ್ನು ಕರೆದುಕೊಂಡು ಕಾಲೇಜಿಗೆ ಬಂದು ಫೀಸು ಕಟ್ಟಿದಳು. ಕೊನೆಯ ವರ್ಷ ನಾನು ಕಾಸ್ಟ್ ಅಕೌಂಟೆಂಟ್ ಪರೀಕ್ಷೆ ಕಟ್ಟುತ್ತೇನೆ ಎಂದಾಗಲೂ ಅಪ್ಪನ ಮುಖ ನೋಡಲಿಲ್ಲ. “ನಿನ್ನ ಪರೀಕ್ಷೆಗೆ ಈ ಸಲದ ಉದುರು ಇದೆ” ಎಂದಳು. ನನಗೆ ಅಷ್ಟು ಸಾಕಾಗಿತ್ತು. ಪರೀಕ್ಷೆಯ ಫೀಸು, ಪುಸ್ತಕ, ಮಂಗಳೂರಿನಲ್ಲಿ ಒಂದು ಕೋಚಿಂಗು, ಯಾರಾದರೂ ಬಳಸಿ ಬಿಟ್ಟ ಒಂದು ಲ್ಯಾಪ್‌ಟಾಪು, ಎಲ್ಲವನ್ನೂ ಮನಸ್ಸಿನಲ್ಲಿ ಆ ಸೀರೆಯ ಮೇಲೆ ಹರಡಿ ಒಣಗಲು ಹಾಕಿದೆ.

ಆ ವರ್ಷವೇ ಕಾಫಿಯ ಬೆಲೆ ಮೇಲೆದ್ದಿತು. ನಮ್ಮ ಬೆಟ್ಟದ ಗಂಡಸರ ಮಾತೇ ಬದಲಾಯಿತು. ಬೆಳಿಗ್ಗೆ ಎದ್ದವರು ಮುಖ ತೊಳೆಯುವ ಮೊದಲು ಮೊಬೈಲಿನಲ್ಲಿ ರೇಟು ನೋಡುತ್ತಿದ್ದರು. ಎಷ್ಟೋ ವರ್ಷ ಸುಣ್ಣ ಕಾಣದ ಗೋಡೆಗಳಿಗೆ ಬಣ್ಣ ಬಂತು. ಬೆಲೆ ಕೆಳಗಿದ್ದಾಗ ಉದುರಿನ ಕಡೆ ತಿರುಗಿಯೂ ನೋಡದಿದ್ದವರು ಗಿಡದ ಬುಡ ನೋಡಿಕೊಂಡು ನಡೆಯತೊಡಗಿದರು. ಪಕ್ಕದ ತೋಟದ ಅತ್ತೆಯ ಉದುರು ಆ ಸಲ ಸದ್ದಿಲ್ಲದೆ ದೊಡ್ಡ ರಾಶಿಗೆ ಸೇರಿಹೋಯಿತು. ಕೇಳಿದರೆ ಅವರು, “ಒಟ್ಟಿಗೆ ಹಾಕಿದ್ರು, ಎಂತ ಮಾಡೋದು” ಎಂದರು.

ನಮ್ಮ ಮನೆಯಲ್ಲಿ ಅದಕ್ಕೆ ದಾರಿ ಮಾಡಿಕೊಟ್ಟದ್ದು ನನ್ನ ಪಾಠವೇ. ಒಂದು ಭಾನುವಾರ ಕಣದಲ್ಲಿ ಕಾಫಿ ಕೆದಕುತ್ತಿದ್ದಾಗ ಅಪ್ಪ ಎಂದೂ ಇಲ್ಲದ ಹಾಗೆ, “ಎಂತ ಓದ್ತಿದೀಯ ಈಗ?” ಎಂದು ಕೇಳಿದರು. ನನಗೆ ಹಿಗ್ಗು. ಬೈ-ಪ್ರಾಡಕ್ಟ್ ಎಂದರೇನು ಎಂದು ಉದುರಿನ ಮೂಲೆ ತೋರಿಸಿಯೇ ವಿವರಿಸಿದೆ. ಅಪ್ಪ ಕೆದಕುವುದನ್ನು ನಿಲ್ಲಿಸಿ ಕೇಳಿದರು. ಒಳ್ಳೆಯ ವಿದ್ಯಾರ್ಥಿ ಎಂದುಕೊಂಡೆ. ನಾನು ಹೇಳಿಕೊಟ್ಟದ್ದು ತಪ್ಪು ಎಂದು ಇವತ್ತಿಗೂ ನನಗೆ ಅನ್ನಿಸಿಲ್ಲ. ಅರ್ಧ ಪಾಠ ಕೇಳಿ ಎದ್ದುಹೋದವರದು ತಪ್ಪು.

ಕೆಲವು ದಿನ ಬಿಟ್ಟು ಚಿಕ್ಕಪ್ಪ ಬಂದು ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ಕೂತರು. ಅವರ ತೋಟ ನಮ್ಮದಕ್ಕೆ ಹೊಂದಿಕೊಂಡಿದೆ. ಪಲ್ಪರ್, ಕಣ ಎರಡೂ ಮನೆಗೆ ಒಂದೇ. ಎರಡೂ ಮನೆಯ ಕಾಫಿ ಒಂದೇ ಲಾಟಿನಲ್ಲಿ ಹೋಗುತ್ತದೆ, ಮಾರುವ ಉಸ್ತುವಾರಿ ಅವರದು.

“ಅತ್ತಿಗೆ, ಈ ಸಲ ಉದುರನ್ನ ಒಟ್ಟಿಗೇ ಹಾಕಿಬಿಡುವ. ಬೇರೆ ಒಣಗ್ಸೋದು, ಬೇರೆ ಚೀಲ, ಎಂತಕ್ಕೆ ನಿಮ್ಗೆ ಸುಮ್ನೆ ತೊಂದ್ರೆ?”

ಅಮ್ಮ ಪಾತ್ರೆ ತೊಳೆಯುತ್ತಿದ್ದವಳು ತೊಳೆಯುತ್ತಲೇ ಇದ್ದಳು.

ಅಪ್ಪ ಹಿಂದಿನಿಂದ ಸೇರಿಸಿದರು. “ಅದು ತೋಟದ ಲೆಕ್ಕಕ್ಕೇ ಬರ್ಬೇಕಂತೆ. ಮಗಳೇ ಹೇಳಿದ್ಳು. ಪುಸ್ತಕದಲ್ಲೇ ಇದೆಯಂತೆ.”

ಅಮ್ಮ ತಿರುಗಿ ನನ್ನನ್ನು ನೋಡಿದಳು. ಹೌದು ಅನ್ನಲೂ ಆಗದು, ಇಲ್ಲ ಅನ್ನಲೂ ಆಗದು. “ಪುಸ್ತಕದಲ್ಲಿ ಬೈ-ಪ್ರಾಡಕ್ಟ್ ಅಂದ್ರೆ ಬೆಲೆ ಇಲ್ಲದ್ದು” ಎಂದೆ. ಚಿಕ್ಕಪ್ಪ ನಕ್ಕರು. “ಈಗ ಬೆಲೆ ಇದ್ಯಲ್ಲ ಮಾರಾಯ್ತಿ. ಬೆಲೆ ಬಂದ್ರೆ ಎಂತ ಅನ್ನುತ್ತೆ ನಿನ್ ಪುಸ್ತಕ?”

ಬೆಲೆ ಬಂದರೆ ಪುಸ್ತಕ ಅದನ್ನು ಜಾಯಿಂಟ್ ಪ್ರಾಡಕ್ಟ್ ಎನ್ನುತ್ತದೆ. ಎರಡೂ ಸಮಾನ, ಎರಡೂ ಒಂದೇ ಲೆಕ್ಕದ ಮಕ್ಕಳು. ಅದು ನನಗೆ ಗೊತ್ತಿತ್ತು. ಅವರು ನನ್ನ ಮುಖದಲ್ಲೇ ಉತ್ತರ ಓದಿಕೊಂಡು ಲೋಟ ಕೆಳಗಿಟ್ಟು ಹೋದರು.

ಆ ರಾತ್ರಿಯಿಂದ ನಾನು ಆ ಪುಸ್ತಕವನ್ನು ಪರೀಕ್ಷೆಗಾಗಿ ಓದಲಿಲ್ಲ, ಜಗಳಕ್ಕಾಗಿ ಓದಿದೆ. ಹಾಗೆ ಓದಿದ ಪುಸ್ತಕ ಮರೆತುಹೋಗುವುದಿಲ್ಲ. ನಾನು ಹುಡುಕುತ್ತಿದ್ದದ್ದು ಕೊನೆಗೆ ಸಿಕ್ಕಿದ್ದು ಯಾರೂ ಇಷ್ಟಪಡದ ಒಂದು ಅಧ್ಯಾಯದಲ್ಲಿ. ಕಾಸ್ಟ್ ಲೆಕ್ಕಕ್ಕೂ ಮಾಮೂಲಿ ಜಮಾಖರ್ಚಿಗೂ ಯಾಕೆ ತಾಳೆಯಾಗುವುದಿಲ್ಲ ಎಂದು ವಿವರಿಸುವ ಅಧ್ಯಾಯ ಅದು. ಮಾಲೀಕ ತನ್ನ ಉದ್ದಿಮೆಯಲ್ಲಿ ತಾನೇ ದುಡಿದು ಸಂಬಳ ತೆಗೆದುಕೊಳ್ಳದೆ ಇರಬಹುದು. ದುಡ್ಡು ಕೈ ಬದಲಾಗದ ಕಾರಣ ಜಮಾಖರ್ಚಿನಲ್ಲಿ ಅದು ಬರುವುದಿಲ್ಲ. ಆದರೆ ವಸ್ತುವಿನ ನಿಜವಾದ ಖರ್ಚು ತಿಳಿಯಬೇಕಾದರೆ ಆ ಕೊಡದ ಸಂಬಳವನ್ನೂ ಹಿಡಿಯಬಹುದು. ಓದಿದ ಕೂಡಲೇ ಎದ್ದು ಕೂತೆ. ಮಾಲೀಕನದನ್ನು ಹಿಡಿಯಬಹುದಾದರೆ ಮಾಲೀಕನ ಹೆಂಡತಿಯದನ್ನು ಹಿಡಿಯಬಾರದು ಎಂದು ಯಾವ ಪುಟದಲ್ಲಿದೆ? ಯಾವ ಪುಟದಲ್ಲೂ ಇರಲಿಲ್ಲ, ಎಲ್ಲ ಪುಟ ನೋಡಿದೆ.

ಅದೇ ಹೊತ್ತಿಗೆ ಕಾಲೇಜಿನಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದರು. ಊರಿನ ಯಾವುದಾದರೂ ಒಂದು ಉದ್ದಿಮೆಯ ಕಾಸ್ಟ್ ಶೀಟ್ ಮಾಡಿ ತರಬೇಕು. ಗೆಳತಿಯೊಬ್ಬಳು ಬೇಕರಿ ಹಿಡಿದಳು, ಒಬ್ಬ ದೇವರಮನೆ ಬೆಟ್ಟದ ದಾರಿಯ ಹೋಮ್‌ಸ್ಟೇ ಹಿಡಿದ. ನಾನು ನಮ್ಮ ತೋಟ ಹಿಡಿದೆ. ಗೊಬ್ಬರ, ಸುಣ್ಣ, ಔಷಧಿ, ಆಳಿನ ಕೂಲಿ, ಪಲ್ಪರಿನ ಡೀಸೆಲ್ ಎಲ್ಲವನ್ನೂ ಅಪ್ಪನ ಬಾಯಿಯಿಂದ ಕೇಳಿ ಬರೆದೆ. ಆಮೇಲೆ ಅಮ್ಮನ ಹಿಂದೆ ಬಿದ್ದೆ.

“ಎಂತಕ್ಕೆ ಕೋಳಿಮರಿ ಹಾಗೆ ಹಿಂದೆ ಹಿಂದೆ ಬರ್ತೀಯ? ಕೆಲ್ಸ ಇಲ್ವಾ ನಿಂಗೆ?” ಎಂದು ಗದರಿದಳು. ನಾನು ಬಿಡಲಿಲ್ಲ. ಬೆಳಿಗ್ಗೆ ಕಣದ ಟಾರ್ಪಾಲು ತೆಗೆದು ರಾಶಿ ಹರಡುವುದು ಅವಳು. ಆಳುಗಳಿಗೆ ಹತ್ತು ಗಂಟೆಯ ಕಾಫಿ ತೋಟಕ್ಕೆ ಒಯ್ಯುವುದು ಅವಳು. ಮಧ್ಯೆ ಮಧ್ಯೆ ಬಂದು ಕಾಫಿ ಕೆದಕಿ ಮಗುಚುವುದು ಅವಳು. ಅಪ್ಪ ಪೇಟೆಗೆ ಹೋದ ದಿನ, ಅಂದರೆ ಹೆಚ್ಚುಕಡಿಮೆ ದಿನ ಬಿಟ್ಟು ದಿನ, ಸಂಜೆ ಆಳುಗಳು ಕುಯ್ದು ತಂದ ಹಣ್ಣು ತೂಗುವುದೂ ಅವಳೇ. ಇಬ್ಬನಿ ಬೀಳುವ ಮೊದಲು ಮತ್ತೆ ರಾಶಿ ಮಾಡಿ ಮುಚ್ಚುವುದು ಅವಳು. ಉದುರು ಹೆಕ್ಕುವುದು ಇದೆಲ್ಲದರ ಸಂದಿಯಲ್ಲಿ. ಅದರಲ್ಲೂ ಒಂದು ವಿಷಯವಿದೆ. ನೆಲದ ಮೇಲೆ ಉಳಿದ ಕಾಯಿಯಲ್ಲಿ ಕೊರೆಯುವ ಹುಳ ಮನೆ ಮಾಡಿಕೊಂಡು ಮುಂದಿನ ವರ್ಷದ ಬೆಳೆಗೆ ಹತ್ತುತ್ತದೆ. ಉದುರು ಹೆಕ್ಕಿದ ತೋಟಕ್ಕೆ ಹುಳ ಕಡಿಮೆ. ಅಮ್ಮ ತನ್ನ ಚೀಲ ತುಂಬಿಸಿಕೊಳ್ಳುವ ನೆಪದಲ್ಲಿ ನಮ್ಮದು, ಪಕ್ಕದ ಚಿಕ್ಕಪ್ಪನದು, ಎರಡೂ ತೋಟ ಕಾಯುತ್ತಿದ್ದಳು, ಅದಕ್ಕೆ ಯಾರೂ ಒಂದು ಮಾತು ಅಂದದ್ದಿಲ್ಲ.

ಕಾಸ್ಟ್ ಶೀಟಿನಲ್ಲಿ ಒಂದು ಸಾಲು ಸೇರಿಸಿದೆ: ಮನೆಯಾಕೆಯ ದುಡಿಮೆ, ಕುಯ್ಲಿನ ಆಳಿನ ದರದಲ್ಲಿ. ಹೆಮ್ಮೆಯಿಂದ ಅಮ್ಮನಿಗೆ ಓದಿ ಹೇಳಿದೆ. ಅವಳ ಕಣ್ಣು ತುಂಬುತ್ತದೆ ಎಂದುಕೊಂಡಿದ್ದೆ. ಅವಳು ಕೆಂಡವಾದಳು.

“ಆಳಿನ ಲೆಕ್ಕದಲ್ಲಿ ಬರ್ದಿದೀಯ ನನ್ನ? ನಾನೇನು ಕೂಲಿಗೆ ಬಂದವ್ಳಾ ಈ ಮನೆಗೆ?”

“ಕೂಲಿಗೆ ಬಂದವ್ರಿಗೆ ವಾರ ಮುಗಿದ್ರೆ ಕೂಲಿ ಸಿಗುತ್ತೆ ಅಮ್ಮ” ಎಂದೆ. ನನ್ನ ನಾಲಿಗೆಯೂ ಕಡಿಮೆಯದಲ್ಲ.

ಅವಳು ಮಾತು ಬಿಟ್ಟಳು. ಊಟ ಬಡಿಸಿದಳು, ಆದರೆ ತಟ್ಟೆ ಇಟ್ಟ ಸದ್ದಿನಲ್ಲೇ ಬೈದಳು. ನನಗೆ ಅಳು ಬಂತು, ಜೊತೆಗೆ ಅವಳ ಮೇಲೆ ಸಿಟ್ಟೂ ಬಂತು. ಇವಳ ಪರವಾಗಿ ಬಡಿದಾಡಿದರೆ ಇವಳಿಗೇ ಅವಮಾನವಂತೆ. ಮರುದಿನ ಮಧ್ಯಾಹ್ನ ಕಣದಲ್ಲಿ ನಾನು ಒಂದು ತುದಿ, ಅವಳು ಒಂದು ತುದಿ ಕಾಫಿ ಕೆದಕುತ್ತಿದ್ದೆವು. ಮಧ್ಯಕ್ಕೆ ಬಂದಾಗ ಅವಳು ನಿಂತಳು.

“ಸಂಜೆ ಹಣ್ಣು ತೂಗೋದು ಯಾರ ಕೆಲ್ಸ?”

“ಎಸ್ಟೇಟಲ್ಲಾದ್ರೆ ಮೇಸ್ತ್ರಿದು.”

“ಯಾರು ಎಲ್ಲಿ ಕುಯ್ಬೇಕು, ಯಾವ ಪಟ್ಟೆ ಬಿಡ್ಬೇಕು ಅಂತ ಹೇಳೋದು?”

“ಅದೂ ಮೇಸ್ತ್ರಿನೇ.”

“ಹಾಗಾದ್ರೆ ಮೇಸ್ತ್ರಿ ಸಂಬಳ ಹಾಕು” ಎಂದು ಮತ್ತೆ ಕೆದಕಲು ಹೋದಳು.

ನಾನು ಆ ಸಾಲನ್ನು ಹೊಡೆದು, ಮೇಸ್ತ್ರಿಯ ದರದಲ್ಲಿ ಮತ್ತೆ ಬರೆದೆ.

ಮೇಡಂ ಆ ಸಾಲಿನ ಮೇಲೆ ಪೆನ್ನು ಇಟ್ಟರು. ಸ್ಟಾಫ್‌ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. “ಕೊಡದೆ ಇರೋದನ್ನ ಖರ್ಚು ಅಂತ ಹೇಗಮ್ಮ ತೋರಿಸ್ತೀಯ? ಮಾಲೀಕರ ಸಂಬಳ ಅಂದ್ರೆ ಬೇರೆ. ಇದು ಮನೆ ಕೆಲಸ” ಎಂದರು.

“ಆಳುಗಳ ಹಣ್ಣು ತೂಗೋದು ಮನೆ ಕೆಲಸ ಹೇಗಾಗುತ್ತೆ ಮೇಡಂ?”

“ಇನ್ನೊಂದು. ಉದುರು ಮಾರಿದ ಹಣ ಎಲ್ಲೂ ತೋರಿಸಿಲ್ಲ. ಬಿಟ್ಟುಹೋಗಿದೆ.”

“ಬಿಟ್ಟುಹೋಗಿಲ್ಲ. ಅದು ತೋಟದ್ದಲ್ಲ, ಅಮ್ಮಂದು. ಕೆಳಗೆ ಟಿಪ್ಪಣಿ ಬರ್ದಿದೀನಿ.”

ಅವರು ಗಡಿಯಾರ ನೋಡಿದರು. ನಾನು ಹೊರಡಬೇಕಿತ್ತು, ಹೊರಡಲಿಲ್ಲ. “ಮೇಡಂ, ರಜೆಯಲ್ಲಿ ನಿಮ್ಗೆ ಸಂಬಳ ಇಲ್ಲ ಅಂತ ಕೇಳಿದೀನಿ. ನಮ್ಮ ಪ್ರಾಜೆಕ್ಟನ್ನೆಲ್ಲ ರಜೆಯಲ್ಲಿ ಮನೇಲಿ ಕೂತು ತಿದ್ದುತ್ತೀರಲ್ಲ, ಅದು ಮನೆ ಕೆಲಸನಾ?”

ಹೇಳಿದ ಮೇಲೆ ಜಾಸ್ತಿಯಾಯಿತೇನೋ ಅನ್ನಿಸಿತು. ಅವರ ಮುಖ ಸಣ್ಣದಾಯಿತು, ಆಮೇಲೆ ತುಟಿಯ ತುದಿಯಲ್ಲಿ ಏನೋ ಬಂದು ಹೋಯಿತು. ಪೆನ್ನಿನ ಮುಚ್ಚಳ ಹಾಕಿದರು. “ಸಾಲು ತೆಗೀಬೇಡ. ಹಾಗೇ ಇರಲಿ. ಹೊರಗಿಂದ ಬರೋ ಎಕ್ಸಾಮಿನರ್ ಅಂಕ ಕಟ್ ಮಾಡ್ತಾರೆ, ಆಗ ನನ್ನ ಹತ್ರ ಅಳ್ತಾ ಬರ್ಬೇಡ” ಎಂದರು. ಅವರು ಹೇಳಿದ್ದೇ ಆಯಿತು. ಅಂಕ ಕಟ್ಟಾಯಿತು, ನಾನು ಅಳುತ್ತಾ ಹೋಗಲಿಲ್ಲ. ಅದೇ ಪ್ರಾಜೆಕ್ಟನ್ನು ಇವತ್ತು ಮತ್ತೆ ಕೊಟ್ಟರೂ ಅದೇ ಸಾಲು ಬರೆಯುತ್ತೇನೆ.

ಅರೇಬಿಕಾ ಕಾಫಿ ಒಣಗಿ ಮಾರಲು ತಯಾರಾದ ದಿನ ಬೆಳಿಗ್ಗೆ ಪಿಕಪ್ ಬಂದು ಅಂಗಳದಲ್ಲಿ ನಿಂತಿತ್ತು. ತೋಟದ ಇನ್ನೊಂದು ಪಟ್ಟೆಯಲ್ಲಿ ತಡವಾಗಿ ಹಣ್ಣಾಗುವ ರೊಬಸ್ಟಾದ ಕುಯ್ಲು ನಡೆದೇ ಇತ್ತು. ದೊಡ್ಡ ರಾಶಿ ಚೀಲಕ್ಕೆ ತುಂಬುತ್ತಿದ್ದಂತೆ ಚಿಕ್ಕಪ್ಪ ಬಾಂಡ್ಲಿ ಹಿಡಿದು ಮೂಲೆಯ ಸೀರೆಯ ಕಡೆ ನಡೆದರು. ಅಮ್ಮ ಕಣದ ಕಟ್ಟೆಯ ಮೇಲೆ ನಿಂತಿದ್ದಳು. ನಾನು ಅವರಿಗಿಂತ ಮೊದಲು ಹೋಗಿ ಸೀರೆಯ ಮುಂದೆ ನಿಂತೆ.

“ನಿಲ್ಲಿ ಚಿಕ್ಕಪ್ಪ. ಬೆಲೆ ಬಂದ್ರೆ ಪುಸ್ತಕ ಎಂತ ಅನ್ನುತ್ತೆ ಅಂತ ಕೇಳಿದ್ರಲ್ಲ? ಜಾಯಿಂಟ್ ಪ್ರಾಡಕ್ಟ್ ಅನ್ನುತ್ತೆ. ಜಾಯಿಂಟ್ ಆದ್ರೆ ಖರ್ಚೂ ಜಾಯಿಂಟ್.”

“ಹೌದಲ್ಲ” ಎಂದರು ಅವರು ಥಟ್ಟನೆ. ಚುರುಕಿನ ಮನುಷ್ಯ. “ಹಾಗಾದ್ರೆ ಗೊಬ್ಬರದ ಖರ್ಚಲ್ಲಿ ಅತ್ತಿಗೆ ಪಾಲೂ ಬರ್ಬೇಕು. ಔಷಧಿದೂ ಬರ್ಬೇಕು. ಕಳೆದ್ರೆ ಎಂತ ಉಳಿಯುತ್ತೆ ಮತ್ತೆ?”

“ಕಳೀರಿ. ಗೊಬ್ಬರ ಕಳೀರಿ, ಔಷಧಿ ಕಳೀರಿ. ಆಮೇಲೆ ಇದನ್ನ ಕೂಡಿಸಿ” ಎಂದು ಕಾಸ್ಟ್ ಶೀಟ್ ತೆರೆದು ಓದಿದೆ. ಕಾಫಿ ಹೊತ್ತದ್ದು, ಕೆದಕಿದ್ದು, ತೂಗಿದ್ದು, ಮುಚ್ಚಿದ್ದು, ಹುಳ ತಡೆದದ್ದು. ಪಿಕಪ್ಪಿನ ಡ್ರೈವರ್ ಬೀಡಿ ಆರಿಸಿ ಕೇಳತೊಡಗಿದ. ಅಪ್ಪನಿಗೆ ಅದನ್ನು ಸಹಿಸಲಾಗಲಿಲ್ಲ.

“ಹೆಂಡ್ತಿಗೆ ಸಂಬಳ ಕೊಡೋ ಮನೆ ಇದ್ಯೇನೇ ಈ ಊರಲ್ಲಿ? ನಾಲ್ಕು ಜನ ಎಂತ ಅಂದಾರು? ಹೊಡೆದ್ ಹಾಕು ಆ ಸಾಲನ್ನ!”

“ಹೊಡೀಬೇಡ” ಎಂದಳು ಅಮ್ಮ.

ಕಟ್ಟೆಯಿಂದ ಇಳಿದು ಬಂದಳು. ಜೋರು ಮಾಡಲಿಲ್ಲ. ಅಪ್ಪನ ಎದುರು ನಿಂತು, “ನೋಡಿ, ಉದುರು ಒಟ್ಟಿಗೆ ಸೇರ್ಸಿ. ನಂದೇನೂ ತಕರಾರಿಲ್ಲ. ನಾಳೆಯಿಂದ ಇದ್ರಲ್ಲಿ ಬರ್ದಿರೋ ಕೆಲ್ಸಕ್ಕೆ ಒಬ್ಬ ಮೇಸ್ತ್ರಿ ನೋಡ್ಕೊಳ್ಳಿ. ನಾನು ಒಳಗಿರ್ತೀನಿ” ಎಂದಳು.

ಆ ದಿನಗಳಲ್ಲಿ ನಮ್ಮ ಕಡೆ ಆಳು ಸಿಗುವುದೇ ಒಂದು ದೊಡ್ಡ ಕಥೆ. ದೂರದ ರಾಜ್ಯಗಳಿಂದ ಬಂದವರನ್ನು ಜೀಪಿನಲ್ಲಿ ಕೂರಿಸಿಕೊಂಡು ಬರಬೇಕು, ಒಂದು ತೋಟದವರು ಇನ್ನೊಂದು ತೋಟದವರಿಗಿಂತ ಮೊದಲು ಹೋಗಿ ಕಾಯಬೇಕು. ಮೇಸ್ತ್ರಿ ಎಲ್ಲಿಂದ ಬಂದಾನು? ಅಪ್ಪ ಅಮ್ಮನನ್ನು ನೋಡಿದರು, ರೊಬಸ್ಟಾ ಪಟ್ಟೆಯ ಕಡೆ ನೋಡಿದರು. ಅಲ್ಲಿಂದ ಆಳೊಬ್ಬಳು ಹತ್ತು ಗಂಟೆಯ ಕಾಫಿ ಯಾಕೆ ಬರಲಿಲ್ಲ ಎಂದು ಕೂಗಿ ಕೇಳುತ್ತಿದ್ದಳು. ಅಮ್ಮ ಜಾಗದಿಂದ ಅಲ್ಲಾಡಲಿಲ್ಲ.

“ಬಿಡು ಮಾರಾಯ” ಎಂದರು ಅಪ್ಪ ಚಿಕ್ಕಪ್ಪನಿಗೆ. “ಬಾಂಡ್ಲಿ ಕೆಳಗಿಡು.”

ಚಿಕ್ಕಪ್ಪ ಇಟ್ಟರು, ಸುಮ್ಮನೆ ಇಡಲಿಲ್ಲ. “ಹೆಣ್ಮಕ್ಕಳ್ನ ಓದ್ಸಿದ್ರೆ ಹೀಗೇ ಆಗೋದು” ಎಂದರು.

“ನನ್ನನ್ನ ಓದ್ಸಿದ್ದು ಈ ಮೂಲೆ ಚಿಕ್ಕಪ್ಪ. ದೊಡ್ಡ ರಾಶಿಯಲ್ಲ” ಎಂದೆ.

ಅಪ್ಪನಿಗೆ ಮಾತ್ರ ಡ್ರೈವರಿನ ಎದುರು ಸೋತ ಅವಮಾನ ಇಳಿಯಲಿಲ್ಲ. ಪಿಕಪ್ ಹತ್ತುತ್ತಾ, “ನಿನ್ನ ಉದುರನ್ನ ಈ ಸಲ ನಾನು ಒಯ್ಯಲ್ಲ. ನಿಂದು ನೀನೇ ಮಾರ್ಕೋ” ಎಂದರು. ಅಮ್ಮ, “ಆಗ್ಲಿ” ಎಂದು ಆಳುಗಳ ಕಾಫಿ ಕಾಸಲು ಒಳಗೆ ಹೋದಳು.

ಅಮ್ಮ ಅದುವರೆಗೆ ಕಾಫಿ ವ್ಯಾಪಾರಿಯ ಅಂಗಡಿಯ ಮೆಟ್ಟಿಲು ಹತ್ತಿದವಳಲ್ಲ. ಒಂದು ವಾರ ಮಧ್ಯಾಹ್ನದ ಹೊತ್ತು ಮೊರ ಹಿಡಿದು ಕೂತು ಉದುರಿನಲ್ಲಿದ್ದ ಮಣ್ಣು, ಕಲ್ಲು, ಕೆಟ್ಟ ಕಾಯಿ ಎಲ್ಲ ಆರಿಸಿ ತೆಗೆದಳು. ಆಮೇಲೆ ಆಟೋ ಕರೆಸಿ ಚೀಲಗಳನ್ನು ಹಾಕಿಸಿ, ಒಳ್ಳೆಯ ಸೀರೆ ಉಟ್ಟು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಣಕಲ್ಲಿಗೆ ಹೊರಟಳು. ದಾರಿಯುದ್ದಕ್ಕೂ ಮೊಬೈಲಿನಲ್ಲಿ ಅಂದಿನ ರೇಟು ನನ್ನಿಂದ ಓದಿಸಿದಳು.

ವ್ಯಾಪಾರಿ ವಯಸ್ಸಾದವರು, ತಮ್ಮ ತಂದೆಯ ಕಾಲದಿಂದ ನಮ್ಮ ಕಾಫಿ ಕೊಳ್ಳುತ್ತಿದ್ದ ಮುಸ್ಲಿಂ ಮನೆತನದವರು. ಅಮ್ಮನನ್ನು ಕಂಡು ಎದ್ದು ನಿಂತು ಕುರ್ಚಿ ಹಾಕಿಸಿದರು. “ಯಜಮಾನ್ರು ಬರ್ಲಿಲ್ವಾ ಅಮ್ಮ?”

“ಅವ್ರ ಕಾಫಿಗೆ ಅವ್ರು ಬರ್ತಾರೆ ಸಾಹೇಬ್ರೆ. ಇದು ನಂದು.”

ಅವರು ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದರು. “ಉದುರಲ್ವಾ? ಕಪ್ಪು ಬೀಜ ಜಾಸ್ತಿ ಇರುತ್ತಮ್ಮ” ಎಂದು ಒಂದು ರೇಟು ಹೇಳಿದರು. ಅಮ್ಮ ಇಲ್ಲವೆಂದು ತಲೆಯಾಡಿಸಿದಳು. “ಸಿಪ್ಪೆ ಬಿಡ್ಸಿ ನೋಡಿ. ಆಮೇಲೆ ರೇಟು ಹೇಳಿ.” ಅವರು ನಕ್ಕು, ಸ್ಯಾಂಪಲ್ ಬಿಡಿಸಿ ನೋಡಿ, ಹೇಳಿದ ರೇಟನ್ನು ಸ್ವಲ್ಪ ಏರಿಸಿದರು. ಅಮ್ಮ ಇನ್ನೂ ಸ್ವಲ್ಪ ಏರಿಸಿದಳು. ನಾನು ಪಕ್ಕದಲ್ಲಿ ಕೂತು ಉಗುರು ಕಚ್ಚುತ್ತಿದ್ದೆ. ಲೆಕ್ಕ ಕಲಿತವಳು ನಾನು, ಆದರೆ ಅಲ್ಲಿ ನನ್ನನ್ನು ಯಾರೂ ಒಂದು ಮಾತೂ ಕೇಳಲಿಲ್ಲ.

“ಎಂದಿನ ಹಾಗೆ ಯಜಮಾನ್ರ ಖಾತೆಗೆ ಹಾಕ್ಲಾ?” ಎಂದು ಅವರು ಕೇಳಿದಾಗ ಅಮ್ಮ ಕೈ ಚಾಚಿದಳು. “ಇಲ್ಲಿ ಕೊಡಿ.”

ಹೊರಗೆ ಬಂದು ರಸ್ತೆ ಬದಿಯ ಹೋಟೆಲಿನಲ್ಲಿ ಕೂತೆವು. ಬನ್ಸು ತರಿಸಿದಳು, ಕಾಫಿ ತರಿಸಿದಳು. ಕಾಫಿ ಕುಡಿದು, “ನಮ್ಮನೇದೇ ಚೆನ್ನಾಗಿರುತ್ತೆ” ಎಂದಳು. ಅವಳ ಮುಖ ನೋಡುವುದೇ ನನಗೊಂದು ಹಬ್ಬವಾಗಿತ್ತು. ಗೆದ್ದೆವು ಎಂದುಕೊಂಡೆ. ಅಪ್ಪನನ್ನು, ಚಿಕ್ಕಪ್ಪನನ್ನು, ಪುಸ್ತಕ ಬರೆದವರನ್ನು, ಎಲ್ಲರನ್ನೂ ಗೆದ್ದೆವು. ಮಂಗಳೂರಿನ ಕೋಚಿಂಗು, ಲ್ಯಾಪ್‌ಟಾಪು ಎಲ್ಲ ಕಣ್ಣ ಮುಂದೆ ಬಂದು ನಿಂತವು.

ಅಮ್ಮ ಪರ್ಸು ತೆಗೆದು ಮೇಜಿನ ಅಡಿಯಲ್ಲೇ ನೋಟು ಎಣಿಸಿ ಒಂದು ಪಾಲು ನನ್ನ ಕೈಗೆ ಕೊಟ್ಟಳು. “ತಗೋ. ನಿನ್ ಪರೀಕ್ಷೆ ಫೀಸಿಗೆ, ಪುಸ್ತಕಕ್ಕೆ.” ಉಳಿದದ್ದನ್ನು ಮಡಚಿ ಒಳಗಿಟ್ಟು ಜಿಪ್ ಎಳೆದಳು. ಉಳಿದದ್ದು ಕೊಟ್ಟದ್ದಕ್ಕಿಂತ ದಪ್ಪಗಿತ್ತು.

“ಅಮ್ಮ, ಅದು?”

“ಅದು ನಂದು.”

“ಎಂತ ಮಾಡ್ತೀಯ ಅಷ್ಟನ್ನೂ?”

ಅವಳು ಲೋಟ ಕೆಳಗಿಟ್ಟು ನನ್ನನ್ನು ನೇರವಾಗಿ ನೋಡಿದಳು. ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ.

“ಇಷ್ಟು ವರ್ಷದಲ್ಲಿ ನಿಮ್ಮಪ್ಪ ಕೂಡ ಆ ಮಾತು ಕೇಳಿಲ್ಲ ಕಣೇ” ಎಂದಳು. ಹೋಟೆಲಿನವನಿಗೆ ದುಡ್ಡು ಕೊಟ್ಟು, ನನಗಾಗಿ ಕಾಯದೆ ಎದ್ದು ಬಸ್ಸಿನ ಕಡೆ ನಡೆದಳು.